ಯಾವುದು ವೇಸ್ಟು, ಯಾರಿಗೆ ವೇಸ್ಟು?

ಕಳೆದ ಬೇಸಿಗೆಯ ಗ್ರಾಮಸಭೆಗೆ ನಮ್ಮೂರಿನ ಭೂಬಳಕೆಯ ನಕ್ಷೆಯೊಂದು ಬಂದಿತ್ತು. ಊರ ಹಿಂದಿನ ಬ್ಯಾಣ, ಅದರಾಚೆಯ ಕುರುಚಲು ಗುಡ್ಡ, ತಗ್ಗಿನ ಜೌಗು ಈ ಮೂರಕ್ಕೂ ಒಂದೇ ಬಣ್ಣ ಬಳಿದು ಒಂದೇ ಹೆಸರು ಬರೆಯಲಾಗಿತ್ತು: ವೇಸ್ಟ್‌ಲ್ಯಾಂಡ್. ಹಿಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬರು ಎದ್ದು ನಿಂತು, “ಅದು ವೇಸ್ಟ್ ಆದ್ರೆ ಇಷ್ಟು ವರ್ಷ ನಮ್ಮ ದನ ಏನು ತಿಂತು, ತಮಾ?” ಎಂದು ಕೇಳಿದರು. ನಕ್ಷೆ ತಂದಿದ್ದ ಹುಡುಗ ಸಂಕೋಚದಿಂದಲೇ ಉತ್ತರಿಸಿದ: “ಕಂಪ್ಯೂಟರಿನಲ್ಲಿ ಹಾಗೇ ಇದೆ ಅಮ್ಮಾ.”

ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಶಬ್ದದ ಮೇಲೆ. ಕನ್ನಡಿಗರ ನಾಲಿಗೆಯಲ್ಲಿ ‘ವೇಸ್ಟ್’ ಎಂದರೆ ಕಸ, ದಂಡ, ಪೋಲು. ಹಾಳು ಹರಟೆ ‘ಟೈಮ್ ವೇಸ್ಟ್’; ಕೆಲಸಕ್ಕೆ ಬಾರದವನು ‘ವೇಸ್ಟ್ ಬಾಡಿ’. ಈ ಅರ್ಥವನ್ನು ಕಿವಿಯಲ್ಲಿಟ್ಟುಕೊಂಡವನು ವೇಸ್ಟ್‌ಲ್ಯಾಂಡ್ ಎಂಬುದನ್ನು ಕೇಳಿದೊಡನೆ ಕಸದಂಥ ನೆಲವೆಂದೇ ತಿಳಿಯುತ್ತಾನೆ. ಕಸವನ್ನು ಯಾರು ಒಯ್ದರೂ ಮನೆಯವರು ತಕರಾರು ಮಾಡುವುದಿಲ್ಲವಷ್ಟೆ.

ಆದರೆ ಇಂಗ್ಲಿಷಿನಲ್ಲಿ ಈ ಶಬ್ದದ ಹಳೆಯ ಅರ್ಥ ಕಸವಲ್ಲ. ‘ಬರಿದಾದುದು, ನಿರ್ಜನವಾದುದು’ ಎಂಬ ಲ್ಯಾಟಿನ್ ಮೂಲದಿಂದ ಅದು ಬಂದಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಮೀನ್ದಾರನ ಹಳ್ಳಿಯ ‘ವೇಸ್ಟ್’ ಎಂದರೆ ಉಳುಮೆಗೆ ಒಳಪಡದ, ಊರವರು ದನ ಮೇಯಿಸಿ ಸೌದೆ ತರುತ್ತಿದ್ದ ನೆಲ. ಸರಿಸುಮಾರು ನಮ್ಮ ಗೋಮಾಳ. ಮುಂದೆ ಅಲ್ಲಿಯೂ ಅದಕ್ಕೆ ಬೇಲಿ ಬಿತ್ತು. ಉಳುಮೆ, ಮೇವು, ನಾಟಿ ಯಾವುದೂ ಇಲ್ಲದೆ ಪ್ರಕೃತಿಗೇ ಬಿಟ್ಟ ನೆಲ ವೇಸ್ಟ್ ಎಂದು 17ನೇ ಶತಮಾನದ ಕೊನೆಯಲ್ಲಿ ದಾರ್ಶನಿಕ ಜಾನ್ ಲಾಕ್ ತೀರ್ಮಾನಿಸಿದ. ಆ ತೀರ್ಮಾನ ಹಡಗು ಹತ್ತಿ ಇಲ್ಲಿಗೂ ಬಂದಿತು. 1861ರಲ್ಲಿ ಕ್ಯಾನಿಂಗ್‌ನ ಸರ್ಕಾರ ‘ವೇಸ್ಟ್ ಲ್ಯಾಂಡ್’ಗಳ ಮಾರಾಟಕ್ಕೆ ನಿಯಮ ರೂಪಿಸಿತು. 1878ರ ಅರಣ್ಯ ಕಾಯಿದೆಯೂ 1927ರ ಕಾಯಿದೆಯೂ ಸರ್ಕಾರದ ಸ್ವತ್ತಾದ ‘ಅರಣ್ಯಭೂಮಿ ಅಥವಾ ವೇಸ್ಟ್ ಲ್ಯಾಂಡ್’ ಯಾವುದನ್ನಾದರೂ ಮೀಸಲು ಅರಣ್ಯವಾಗಿಸಬಹುದೆಂದವು. ಕಂದಾಯ ತರದ್ದು ವೇಸ್ಟ್, ವೇಸ್ಟ್ ಆದದ್ದು ಸರ್ಕಾರದ್ದು. ಎರಡೇ ಹೆಜ್ಜೆಯಲ್ಲಿ ಊರಿನ ನೆಲ ಊರಿನದಲ್ಲವಾಯಿತು!

ಇದನ್ನು ನಾವು ಕನ್ನಡಕ್ಕೆ ತಂದದ್ದಾದರೂ ಹೇಗೆ? ಪಾಳುಭೂಮಿ, ಬಂಜರು, ಬೀಳು, ಖರಾಬು: ಕಚೇರಿಯ ಕನ್ನಡಕ್ಕೆ ಇವೆಲ್ಲ ಒಂದೇ. ಆಡುಮಾತಿಗೆ ಒಂದೇ ಅಲ್ಲ. ಬೀಳು ಎಂದರೆ ಬಿತ್ತದೆ ಬಿಟ್ಟ ಹೊಲ. ಅದಕ್ಕೊಬ್ಬ ಒಡೆಯನಿದ್ದಾನೆ, ನಾಳೆ ಉಳುತ್ತಾನೆ. ಪಾಳು ಎಂಬುದೇ ಹಾಳು ಆಗಿರುವುದು. ಹಾಳು ಹಂಪೆಯಂತೆ, ಹಿಂದೆ ಜನರಿದ್ದು ಈಗಿಲ್ಲದ ತಾಣ. ಬಂಜರು ಎಂದೊಡನೆ ಕಿವಿಗೆ ಬಂಜೆಯ ನೆನಪು. ಖರಾಬಿನಲ್ಲಿಯೂ ‘ಬಿ’ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನಗಳು. ಇವಿಲ್ಲದೆ ಯಾವ ಊರು ನಿಂತೀತು? ಉತ್ತರ ಕನ್ನಡದ ಅಡಿಕೆ ತೋಟಕ್ಕೆ ಗೊಬ್ಬರ ಕೊಟ್ಟ ಸೊಪ್ಪಿನ ಬೆಟ್ಟ, ಕೊಡಗಿನ ಬಾಣೆ, ದಕ್ಷಿಣ ಕನ್ನಡದ ಕುಮ್ಕಿ, ಶಿವಮೊಗ್ಗದ ಕಾನು, ಎಲ್ಲೆಡೆಯ ಗೋಮಾಳ ಇವೆಲ್ಲ ಮಾಡುವ ಕೆಲಸದಿಂದ, ಉಂಡವರ ಹಕ್ಕಿನಿಂದ ಹೆಸರು ಪಡೆದ ನೆಲಗಳು. ಇಷ್ಟು ಹೆಸರುಗಳ ಸ್ಥಾನದಲ್ಲಿ ಒಂದೇ ಬೈಗುಳವನ್ನು ಕೂರಿಸಿದ್ದೇವೆ.

ಇದು ಬರಿಯ ನಿಘಂಟಿನ ಜಗಳವೆನ್ನುವವರು 1984ನ್ನು ನೆನೆಯಲಿ. ಆ ವರ್ಷ ರಾಜ್ಯ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆ ಕಟ್ಟಿದವು. ಸುಮಾರು 30,000 ಹೆಕ್ಟೇರ್ ‘ಸಿ’ ಮತ್ತು ‘ಡಿ’ ದರ್ಜೆಯ ನೆಲದಲ್ಲಿ ನೀಲಗಿರಿಯಂಥ ತಿರುಳುಮರ ಬೆಳೆಸುವುದೇ ಅದರ ಗುರಿ. ಕಾಗದದಲ್ಲಿ ಆ ನೆಲ ನಿರುಪಯೋಗಿ. ಹಳ್ಳಿಗರಿಗೆ ಮೇವು, ಸೌದೆಗಳ ಕಣಜ. ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿಯ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಶಿವರಾಮ ಕಾರಂತರಾದಿಯಾಗಿ ಹಲವರು ಸುಪ್ರೀಂ ಕೋರ್ಟಿನ ಕಟ್ಟೆ ಹತ್ತಿದರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು.

ಶಬ್ದ ಮಾತ್ರ ಮುಚ್ಚಲಿಲ್ಲ. 2019ರ ವೇಸ್ಟ್‌ಲ್ಯಾಂಡ್ ಅಟ್ಲಾಸ್ ದೇಶದ ಶೇ. 16.96ರಷ್ಟು ನೆಲವನ್ನು ಈ ಪಟ್ಟಿಗೆ ಸೇರಿಸಿದೆ. ಅದರಲ್ಲಿ ಕುರುಚಲು ಕಾಡಿದೆ, ಜೌಗಿದೆ, ಸೊರಗಿದ ಹುಲ್ಲುಗಾವಲಿದೆ; ಹಿಮಾಲಯದ ಹಿಮನದಿಗಳೂ ಇವೆ. ಗಂಗೆಯನ್ನು ಹೊತ್ತ ಹಿಮವೂ ಗಣಿಯವರು ಎಸೆದ ಮಣ್ಣಿನ ಗುಡ್ಡೆಯೂ ಒಂದೇ ಪಟ್ಟಿಯಲ್ಲಿ! ಇನ್ನು ನಮ್ಮ ಪಶ್ಚಿಮವಾಹಿನಿ ನದಿಗಳ ಕಥೆ ಗೊತ್ತೇ ಇದೆ. ಎತ್ತಿನಹೊಳೆಯ ನೀರು ಸಮುದ್ರ ಸೇರಿ ‘ವೇಸ್ಟ್’ ಆಗುತ್ತಿದೆಯೆಂದು ಹೇಳಿಹೇಳಿಯೇ ಘಟ್ಟವನ್ನು ಅಗೆದದ್ದು.

ನಿಜಕ್ಕೂ ಹಾಳಾದ ನೆಲವಿಲ್ಲವೆಂದು ನಾವು ವಾದಿಸುತ್ತಿಲ್ಲ. ಮಣ್ಣು ಕೊಚ್ಚಿಹೋದ ಗುಡ್ಡಗಳಿವೆ, ಕಲ್ಲುಕ್ವಾರಿಯ ಕುಳಿಗಳಿವೆ. ಗೋಮಾಳವನ್ನು ಒತ್ತಿಕೊಂಡು ಶುಂಠಿ ಹಾಕಿದವರಲ್ಲಿ ನಮ್ಮ ಬಂಧುಗಳೂ ಇದ್ದಾರೆಂಬುದನ್ನು ನಾಚಿಕೆಯಿಂದ ಒಪ್ಪಬೇಕು. ಅಂಥ ನೆಲಕ್ಕೆ ಹಾಳುಗೆಡವಿದ ನೆಲ ಎನ್ನೋಣ. ಆಗಲಾದರೂ ಕೆಡವಿದವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ವೇಸ್ಟ್ ಎಂದರೆ ಅದು ಹುಟ್ಟುವುದೇ ಇಲ್ಲ.

ಆ ಗ್ರಾಮಸಭೆಯ ನಡಾವಳಿಗೆ ನಾವು ಆಕ್ಷೇಪಣೆ ಸಲ್ಲಿಸಿದ್ದೇವೆ. ಪ್ರತಿ ಸರ್ವೆ ನಂಬರಿನ ಎದುರು ಊರವರು ಕರೆಯುವ ಹೆಸರು, ಅಲ್ಲಿ ಮೇಯುವ ದನಗಳ ಲೆಕ್ಕ, ಯಾವ ತಿಂಗಳಲ್ಲಿ ಯಾವ ಸೊಪ್ಪು ದೊರೆಯುತ್ತದೆ ಎಂಬ ವಿವರ ಬರೆದುಕೊಟ್ಟಿದ್ದೇವೆ. ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲವೆಂದರು. ಹಿಂಬದಿಯಲ್ಲಿ ಬರೆದು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆವು. ನಿಮ್ಮೂರಿಗೂ ನಕ್ಷೆ ಬಂದಿದ್ದರೆ ಹಾಗೆಯೇ ಮಾಡಿ, ಒಂದು ಪ್ರತಿಯನ್ನು ನಮಗೆ ಕಳುಹಿಸಿ.