ಭಾಗ 4: ಏರ್‌ಪೋರ್ಟಿಗೆ ಕ್ರೂಸರ್ ಯಾಕ ಬೇಕ್ರಿ?

ಆಳಂದ, ಅಫಜಲಪುರ, ಜೇವರ್ಗಿ ದೋಸ್ತರೇ, ಒಂದ್ ಮಾತು. ಕಲಬುರಗಿಯಿಂದ ಗಲ್ಫಿಗೆ ವಿಮಾನ ಇಲ್ಲ. ಅದಕ್ಕ ದುಬೈಗೆ ಹೋಗೋ ಹುಡುಗನ್ನ ಬಿಡ್ಲಿಕ್ಕೆ ನಮ್ಮ ಮಂದಿ ಕ್ರೂಸರ್ ಮಾಡ್ಕೊಂಡು ಹೈದರಾಬಾದಿನ ಶಂಷಾಬಾದ್ ತನಕ ಹೋಗ್ತಾರ. ಹೋಗೋನು ಒಬ್ಬ, ಕಳಸೋರು ಹತ್ ಮಂದಿ!

ಕಾಕಾನ ಮಗನ್ನ ನಾವೂ ಹಂಗೇ ಕಳಿಸಿದ್ವಿ. ವೀಸಾಕ್ಕ ಸಾಲ, ಗಾಡಿ ಬಾಡಿಗಿಗೆ ಮತ್ತ ಸಾಲ. ಅಷ್ಟ್ ದೂರ ಹೋದ್ರ ಟರ್ಮಿನಲ್ ಒಳಗ ಟಿಕೆಟ್ ಇದ್ದವನಿಗಷ್ಟೇ ಪ್ರವೇಶ. ಕಾಕು ಗಾಜಿನ ಹೊರಗೇ ನಿಂತ್ಲು. ಅವ ಗದ್ದಲದಾಗ ಕಾಣಿಸ್ಲೇ ಇಲ್ಲ.

ನಾ ಹೇಳೋದು ಇಷ್ಟೇ. ಎಲ್ಲಾರೂ ಬಸ್ಸಿಗೆ ಕಲಬುರಗಿ ಸ್ಟೇಷನ್‌ಗೆ ಬರ್ರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಅದ, ಅವ್ವ, ಅಕ್ಕ, ಕಾಕುಗೆ ಟಿಕೆಟ್ ಫ್ರೀ. 10 ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡ್ರ ಡಬ್ಬಿ ಕಿಟಕಿ ತನಕ ಹೋಗಿ ಕೈ ಹಿಡಿದು ಕಳಸಬಹುದು. ಮುಂದ ಹುಡುಗನ ಜೋಡಿ ಒಬ್ರು ಹೋದ್ರ ಸಾಕು. ಸಿಕಂದರಾಬಾದಿನಿಂದ ಏರ್‌ಪೋರ್ಟಿಗೆ ಪುಷ್ಪಕ್ ಬಸ್ ಅದಾವ.

ರೈಲು ಲೇಟ್ ಆದ್ರ ಅಂತೀರಿ. ಖರೇ ಅದ. ರಾತ್ರಿ ಫ್ಲೈಟ್ ಇದ್ರ ಮುಂಜಾನೆ ರೈಲೇ ಹಿಡೀರಿ, 3 ತಾಸು ಮೊದ್ಲು ಏರ್‌ಪೋರ್ಟ್‌ನಾಗ ಇರ್ಬೇಕು. ಕೈಗೂಸು, ವಯಸ್ಸಾದವ್ರು ಪ್ರಯಾಣ ಮಾಡೋದಿದ್ರ ಗಾಡಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ.

ಆದ್ರ ಮಂದಿ ಏನಂತಾರ ಅಂತ ಕ್ರೂಸರ್ ಬ್ಯಾಡ. ಆ ರೊಕ್ಕ ಹುಡುಗನ ಕಿಸೇದಾಗ ಇಡ್ರಿ. ಮೊದಲನೇ ಪಗಾರ ಬರೋ ತನಕ ಅವನಿಗೆ ಅದೇ ಆಸರ.

ನಿಮ್ಮ ಮನ್ಯಾಗ ಹೆಂಗ ಕಳಸ್ತಾರ? ಕಮೆಂಟ್‌ನಾಗ ಹೇಳ್ರಿ 👇

#ನಮ್ಮಕಲಬುರಗಿ #ಆಳಂದ #ಅಫಜಲಪುರ #ಜೇವರ್ಗಿ