ಜೀಪಿನ ಛಾವಣಿ ಕತ್ತರಿಸುವ ಮುನ್ನ

ಮಳೆ ಬಿದ್ದ ಮರುದಿನ ಕುಷ್ಟಗಿ, ಯಲಬುರ್ಗಾ ಭಾಗದ ಎರೆಹೊಲದ ದಾರಿಗಳಲ್ಲಿ ನಾಲ್ಕೂ ಚಕ್ರ ಎಳೆಯುವ ಜೀಪಿಗೆ ಅರ್ಥವಿದೆ. ಕೊಪ್ಪಳ, ಗಂಗಾವತಿಯ ಡಾಂಬರು ರಸ್ತೆಯಲ್ಲಿ ಮೆರೆಯಲೆಂದೇ ತೆರೆದ ಜೀಪು ಕೊಂಡು, ಎತ್ತರ ಏರಿಸಿ, ದೊಡ್ಡ ಟೈರು ತೊಡಿಸುವವರು ಮಾತ್ರ ಕಾನೂನನ್ನೂ ಒಮ್ಮೆ ಓದುವುದು ಒಳಿತು. (ಏಪ್ರಿಲ್ ಬಿಸಿಲಿನಲ್ಲಿ ತೆರೆದ ಜೀಪಿನ ಸುಖ ಎಷ್ಟೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.) ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಬಂಪರಿನ ಮುಂದಿನ ಕಬ್ಬಿಣದ ಗಾರ್ಡ್ ಸಲ್ಲದೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ಇಷ್ಟು ಸಾಕು.

ಆದ್ದರಿಂದ ಎಚ್ಚರ ಬೇಕಾದುದು ಕೊಳ್ಳುವಾಗಲೇ. ಗ್ಯಾರೇಜಿನಲ್ಲಿ ಛಾವಣಿ ಕತ್ತರಿಸುವ ಬದಲು, ಕಾರ್ಖಾನೆಯಿಂದಲೇ ಕ್ಯಾನ್ವಾಸ್ ಹೊದಿಕೆಯೊಂದಿಗೆ ಬಂದ ಗಾಡಿಯನ್ನು ಹುಡುಕಬೇಕು. ಸಾರ್ವಜನಿಕರಿಗೆ ಮಾರುತಿ ಜಿಪ್ಸಿಯ ಮಾರಾಟ 2019ರಲ್ಲಿ ನಿಂತಿತು. ಹಗುರವಾದ ಅದು ಕೆಸರಿಗೆ ಇಂದಿಗೂ ಮೇಲು, ಆದರೆ ಹಳೆಯ ಗಾಡಿಯ ಚಾಸಿಗೆ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡಲೇಬೇಕು. 2020ರಲ್ಲಿ ಬಂದ ಎರಡನೇ ತಲೆಮಾರಿನ ಥಾರ್ ಬಲಿಷ್ಠ, ಭಾರವೂ ಹೆಚ್ಚು. ಎರೆಮಣ್ಣಿಗೆ ಬೇಕಾದುದು ಅಗಲವಾದ ಟೈರಲ್ಲ; ಮೂಲ ಅಳತೆಯದೇ ಆದ, ಮೆತ್ತಿದ ಮಣ್ಣನ್ನು ಉದುರಿಸಬಲ್ಲ ಆಳವಾದ ಗೀರುಗಳ ಟೈರು. ಎತ್ತರ ಏರಿಸಿದ ಗಾಡಿ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು. ಆಗ ಒಳಗಿದ್ದವರ ತಲೆಯ ಮೇಲೆ ತಗಡೂ ಇರುವುದಿಲ್ಲ.