ಏಳದ ಯಂತ್ರ, ಅಳಿಯದ ಮಾಹಿತಿ

ದೊಡ್ಡ ಸಂಸ್ಥೆಗಳ ದತ್ತಾಂಶವನ್ನು ಕಾಯುವ ಯಂತ್ರಗಳಲ್ಲಿ ಬ್ಲೇಡ್ ಸರ್ವರ್ ಒಂದು ಬಗೆ. ಕಪಾಟಿನ ಪುಸ್ತಕಗಳಂತೆ ತೆಳುವಾದ ಹಲವು ಗಣಕಗಳು ಒಂದೇ ಪೆಟ್ಟಿಗೆಯಲ್ಲಿ ನಿಂತು, ವಿದ್ಯುತ್ತನ್ನೂ ಫ್ಯಾನನ್ನೂ ಹಂಚಿಕೊಳ್ಳುತ್ತವೆ. ಬ್ಲೇಡಿನೊಳಗೆ ಹಲವು ವೇಳೆ ಎರಡು ಡಿಸ್ಕುಗಳಿದ್ದು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ದಾಖಲಾಗುತ್ತದೆ. ಇದಕ್ಕೆ ರೇಡ್ 1 ಎಂದು ಹೆಸರು. ಒಂದು ಕೆಟ್ಟರೂ ಮಾಹಿತಿ ಉಳಿಯುತ್ತದೆ.

ಆದರೆ ಡಿಸ್ಕ್ ಇದ್ದ ಮಾತ್ರಕ್ಕೆ ಯಂತ್ರ ಏಳುವುದಿಲ್ಲ. ಮೊದಲು ಯಾವ ಡಿಸ್ಕಿನ ಯಾವ ಕಡತವನ್ನು ಓದಬೇಕೆಂಬ ಸೂಚನೆ ಅದಕ್ಕೆ ಬೇಕು. ಇದೇ ಬೂಟ್ ಮಾಹಿತಿ. ಇಂದಿನ ಯುಇಎಫ್‌ಐ ಪದ್ಧತಿಯಲ್ಲಿ ಈ ಪಟ್ಟಿ ಇರುವುದು ಡಿಸ್ಕಿನಲ್ಲಲ್ಲ, ಬ್ಲೇಡಿನ ಮದರ್‌ಬೋರ್ಡಿನ ಸ್ಮೃತಿಕೋಶದಲ್ಲಿ. ಆದುದರಿಂದ ಕೆಟ್ಟ ಬ್ಲೇಡಿನ ಡಿಸ್ಕುಗಳನ್ನು ಹೊಸದಕ್ಕೆ ಹಾಕಿದಾಗ, ಬೂಟ್ ಮಾಡಬಲ್ಲ ಸಾಧನ ಸಿಗಲಿಲ್ಲವೆಂಬ ಸಂದೇಶ ಬರಬಹುದು. ಡಿಸ್ಕ್ ಬರಿದಾಗಿದೆಯೆಂದು ಭ್ರಮಿಸಿ ಫಾರ್ಮ್ಯಾಟ್ ಮಾಡಿದರೆ, ಕೆಡದ ಮಾಹಿತಿಯನ್ನು ನಾವೇ ಕೆಡಿಸಿದಂತೆ. ರೇಡ್ ನಿಯಂತ್ರಕವು ಹಳೆಯ ಜೋಡಿಯನ್ನು ಗುರುತಿಸಿದೆಯೇ ಎಂದು ನೋಡಿ, ಬೂಟ್ ಪಟ್ಟಿಯಲ್ಲಿ ಅದನ್ನು ಮೊದಲಿಗೆ ಸೇರಿಸುವುದೇ ಸರಿಯಾದ ಕ್ರಮ.

ಮಕ್ಕಳೇ, ನಿಮ್ಮ ಶಾಲೆಯ ಗಣಕಕ್ಕೂ ಇದೇ ನ್ಯಾಯ. ಅದು ಏಳದಿದ್ದರೆ ಮರೆತುಬಿಟ್ಟ ಪೆನ್‌ಡ್ರೈವನ್ನು ಮೊದಲು ತೆಗೆಯಿರಿ; ಬಳಿಕ ಶಿಕ್ಷಕರೊಡನೆ ಬೂಟ್ ಪಟ್ಟಿಯನ್ನು ನೋಡಿರಿ. ಅಳಿಸುವ ಮಾತು ಕೊನೆಗಿರಲಿ.